ಸೀನಿಯರ್ ಕೆಂಪು ಪೆನ್ನಲ್ಲಿ ಗೀಚಿ ವಾಪಸ್ ಕೊಡ್ತಾರೆ, ಕಾರಣ ಹೇಳಲ್ಲ. ಡ್ರಾಯಿಂಗ್ ಕಲಿಯೋದು ಹೇಗೆ?

ಪೀಣ್ಯ_ಪೆನ್ಸಿಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ಕಂಪನಿ ಸೇರಿ ಹದಿನಾಲ್ಕು ತಿಂಗಳಾಯಿತು. ಮಿಷನ್ ಮೇಲೆ ಜಾಬ್ (ತಯಾರಾಗುವ ಭಾಗ) ಹಿಡಿದಿಡುವ ಜಿಗ್, ಫಿಕ್ಸ್ಚರ್ ಮಾಡುತ್ತೇವೆ. ಡ್ರಾಯಿಂಗ್ ಸೆಕ್ಷನ್‌ನಲ್ಲಿ ಮೂರೇ ಜನ. ಆಟೋಕ್ಯಾಡ್ ನನಗೆ ಚೆನ್ನಾಗಿ ಬರುತ್ತದೆ, ಅರ್ಧ ಕೆಲಸ ಕೀಬೋರ್ಡಿನಲ್ಲೇ ಮುಗಿಸುತ್ತೇನೆ. ಆದರೂ ಇವತ್ತಿನವರೆಗೆ ನನ್ನ ಒಂದೇ ಒಂದು ಡ್ರಾಯಿಂಗ್ ಮೊದಲ ಸಲಕ್ಕೆ ಪಾಸಾಗಿಲ್ಲ.

ಚೆಕ್ ಮಾಡುವವರು ಒಬ್ಬ ಹಿರಿಯರು. ರಿಟೈರ್ ಆಗೋಕೆ ಇನ್ನು ಎರಡು ವರ್ಷ. ಸ್ಕ್ರೀನ್ ಮೇಲೆ ನೋಡುವುದೇ ಇಲ್ಲ, ಪ್ರಿಂಟ್ ತೆಗೆಸುತ್ತಾರೆ. ಮೊನ್ನೆ ಒಂದು ಎ3 ಹಾಳೆಯ ಮೇಲೆ ಹದಿನೇಳು ಕಡೆ ಕೆಂಪು ಗುರುತು. ಕಾರಣ ಎಲ್ಲೂ ಇಲ್ಲ. ಒಂದು ಕಡೆ ಬರೀ ಪ್ರಶ್ನೆ ಚಿಹ್ನೆ. ಇನ್ನೊಂದು ಕಡೆ 38.75 ಅನ್ನೋ ಅಳತೆಯ ಪಕ್ಕ "ಯಾರು ಅಳೀತಾರೆ?" ಅಂತ ಬರೆದಿದ್ದಾರೆ. ಕೇಳಿದರೆ "ಒಂದ್ಸಲ ಕೆಳಗೆ ಹೋಗಿ ನೋಡ್ಕೊಂಡು ಬಾ" ಅನ್ನುತ್ತಾರೆ. ಕೆಳಗೆ ಅಂದರೆ ಶಾಪ್ ಫ್ಲೋರ್. ಹೋದೆ. ಮಿಷನ್ ಓಡ್ತಾ ಇತ್ತು. ಏನು ನೋಡಬೇಕು ಅಂತಲೇ ಗೊತ್ತಾಗದೆ ವಾಪಸ್ ಬಂದೆ.

ಇಂಥವರ ಹತ್ತಿರ ಕಲಿಯುವುದು ಹೇಗೆ ಸ್ವಾಮಿ? ನಿಮ್ಮ ಸೀನಿಯರ್‌ಗಳಿಂದ ಏನು ಅಭ್ಯಾಸ ಬಂತು ಹೇಳಿ.

ಸೊನ್ನೆ_ಲೇಯರ್

ಕೆಲವರಿಗೆ ಕೆಂಪು ಪೆನ್ನೇ ಕಿರೀಟ. ಗೊತ್ತಿರೋದನ್ನ ಹೇಳಿಕೊಟ್ಟರೆ ಕುರ್ಚಿ ಹೋಗುತ್ತೆ ಅನ್ನೋ ಭಯ. ನಾನು ಇಂಥ ಇಬ್ಬರನ್ನು ನೋಡಿದ್ದೇನೆ. ಎಸ್‌ಪಿ 46 ಅಂತ ಡ್ರಾಯಿಂಗ್ ನಿಯಮಗಳ ಬಿಐಎಸ್ ಪುಸ್ತಕ ಇದೆ, ತೆಗೆದುಕೊಂಡು ಕೂತು ಓದು, ಯಾರ ಹಂಗೂ ಬೇಡ.

ಹಳೇ_ಟ್ರೇಸಿಂಗ್

ಸೊನ್ನೆ ಅವರೇ, ಎಸ್‌ಪಿ 46 ಒಳ್ಳೆಯದೇ. ಗೆರೆ ಎಷ್ಟು ದಪ್ಪ, ಅಕ್ಷರ 3.5 ಇರಬೇಕಾ 5 ಇರಬೇಕಾ, ಹಾಳೆಯ ಮೂಲೆಯಲ್ಲಿ ವಿವರ ಬರೆಯೋ ಟೈಟಲ್ ಬ್ಲಾಕ್ 185 ಗುಣಿಸು 65 ಎಂಎಂ, ಎಲ್ಲ ಇದೆ. ಆದರೆ ಯಾವ ಅಳತೆ ಕೊಡಬೇಕು, ಯಾವುದು ಬೇಡ ಅನ್ನೋದು ಅದರಲ್ಲಿ ಸಿಗಲ್ಲ. ಈ ಹುಡುಗನ ಹದಿನೇಳು ಗುರುತಿನಲ್ಲಿ ಮುಕ್ಕಾಲು ಪಾಲು ಅದೇ ಇರುತ್ತೆ, ಬೇಕಾದರೆ ಬೆಟ್ ಕಟ್ಟುತ್ತೇನೆ.

ನಾವು ಕಲಿತದ್ದು ಟ್ರೇಸಿಂಗ್ ಪೇಪರ್ ಮೇಲೆ, ಇಂಕ್ ಪೆನ್ನಲ್ಲಿ. ಗೆರೆ ತಪ್ಪಿದರೆ ಅರ್ಧ ಬ್ಲೇಡ್ ಹಿಡಿದು ಕೆರೆಯಬೇಕು. ಒಂದೇ ಜಾಗದಲ್ಲಿ ಮೂರನೇ ಸಲ ಕೆರೆದರೆ ಹಾಳೆ ತೂತು. ಆಮೇಲೆ ಅದರ ನಕಲು ತೆಗೆಯೋಕೆ ಅಮೋನಿಯಾ ಪ್ರಿಂಟ್. ಆ ರೂಮಿಗೆ ಹೋಗಿ ಬಂದರೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಅದಕ್ಕೇ ಗೆರೆ ಎಳೆಯೋ ಮೊದಲು ಒಂದು ಹಾಳು ಪೇಪರ್ ಮೇಲೆ ಕೈಯಲ್ಲಿ ಸ್ಕೆಚ್ ಹಾಕಿ, ಎಷ್ಟು ವ್ಯೂ ಬೇಕು, ಸೆಕ್ಷನ್ ಎಲ್ಲಿ ಕಡಿಯಬೇಕು ಅಂತ ಯೋಚಿಸುತ್ತಿದ್ದೆವು. ನನ್ನ ಸೀನಿಯರ್ ಆ ಸ್ಕೆಚ್ ನೋಡದೆ ಬೋರ್ಡ್ ಮೇಲೆ ಹಾಳೆ ಅಂಟಿಸೋಕೆ ಬಿಡುತ್ತಿರಲಿಲ್ಲ. ಈಗಲೂ ಮೊದಲು ಕೈ ಸ್ಕೆಚ್ ಹಾಕಿ ಅವರಿಗೆ ತೋರಿಸು. ಹತ್ತು ನಿಮಿಷದ ಕೆಲಸ. ಗುರುತು ಅರ್ಧಕ್ಕೆ ಇಳಿಯುತ್ತೆ.

ಮಿಷಿಗನ್_ಮಂಡ್ಯ

ಅಮೋನಿಯಾ ರೂಮ್! ಮೂಗಲ್ಲಿ ಈಗಲೂ ಇದೆ ಸಾರ್ ಆ ವಾಸನೆ 😂

ಸೊನ್ನೆ_ಲೇಯರ್

ಅಮೋನಿಯಾ ಕಾಲದಲ್ಲೂ ಜಾಬ್ ರಿಜೆಕ್ಟ್ ಆಗುತ್ತಿತ್ತು ಅಲ್ವಾ? ಹಳೇದೆಲ್ಲ ಹೊನ್ನು ಅನ್ನೋದು ಬೇಡ.

ಹಳೇ_ಟ್ರೇಸಿಂಗ್

ಆಗುತ್ತಿತ್ತು ಮಾರಾಯ. ನಾನೇ ಮಾಡಿದ್ದೇನೆ. ಹೊನ್ನು ಅಂತ ಯಾರು ಹೇಳಿದರು?

ವರ್ನಿಯರ್_ಅಕ್ಕ

ನಾನು ಡ್ರಾಫ್ಟಿಂಗ್ ಅಲ್ಲ, ಕ್ಯೂಸಿ. ಹನ್ನೆರಡು ವರ್ಷದಿಂದ ನಿಮ್ಮಂಥವರು ಬರೆದ ಅಳತೆಗಳನ್ನು ಅಳೆಯೋದೇ ನನ್ನ ಕೆಲಸ. "ಯಾರು ಅಳೀತಾರೆ" ಅನ್ನೋ ಪ್ರಶ್ನೆ ನೋಡಿ ಖುಷಿಯಾಯಿತು, ನಮ್ಮ ಬಗ್ಗೆ ಯೋಚಿಸುವವರೂ ಇದ್ದಾರಲ್ಲ! ಪೆನ್ಸಿಲ್, ಆ 38.75 ಎಲ್ಲಿಂದ ಎಲ್ಲಿಗೆ?

ಪೀಣ್ಯ_ಪೆನ್ಸಿಲ್

ಅಕ್ಕಾ, ಒಂದು ಬ್ಲಾಕ್. ತಳದ ಮುಖಕ್ಕೆ ಒಂದು ಓರೆ ಮುಖ ಬಂದು ಸೇರುತ್ತದೆ. ಒಳಮೂಲೆಯಲ್ಲಿ ಆರ್6 ಫಿಲೆಟ್, ಅಂದರೆ 6 ಎಂಎಂ ತ್ರಿಜ್ಯದ ದುಂಡು, ಇದೆ. ಎಡ ಅಂಚಿನಿಂದ ಆ ಮೂಲೆಗೆ 38.75.

ವರ್ನಿಯರ್_ಅಕ್ಕ

ಯಾವ ಮೂಲೆ? ಆರ್6 ಹಾಕಿದ ಮೇಲೆ ಆ ಮೂಲೆಯೇ ಇಲ್ಲವಲ್ಲ. ಎರಡು ಗೆರೆ ಎಳೆದುಕೊಂಡು ಹೋದರೆ ನಿನ್ನ ಸ್ಕ್ರೀನ್ ಮೇಲೆ ಸೇರುತ್ತವೆ, ಜಾಬ್ ಮೇಲೆ ಅಲ್ಲಿ ಲೋಹ ತುಂಬಿದೆ. ಗಾಳಿಯಲ್ಲಿದ್ದರೂ ಒಂದು ಮಾತು, ಇದು ಕಬ್ಬಿಣದ ಒಳಗಿರೋ ಬಿಂದು! ನನ್ನ ವರ್ನಿಯರ್ ಅಲ್ಲಿಗೆ ಹೋಗಲ್ಲ.

ಇಂಥ ಕಡೆ ಒಂದು ಪಿನ್ ಇಟ್ಟು, ಪಿನ್ ಮೇಲಿಂದ ಅಳತೆ ಕೊಡಬೇಕು. ಓರೆ ಬದಿಯ ಡವ್‌ಟೇಲ್ ಅಳೆಯುವ ಹಾಗೆ. ಎಡ ಅಂಚಿನಿಂದ ಪಿನ್‌ನ ಹೊರಮೈಗೆ ಇಷ್ಟು, ಪಿನ್ ವ್ಯಾಸ ಇಷ್ಟು ಅಂತ. ಲೆಕ್ಕ ನೀನು ಮೇಲೆ ಎಸಿಯಲ್ಲಿ ಕೂತು ಮಾಡು. ಕೆಳಗೆ ನಾನು ಯಾಕೆ ಟ್ಯಾನ್, ಕಾಟ್ ಹುಡುಕಬೇಕು?

ಉದ್ಯಮಬಾಗ್_ಹುಡುಗ

10 ಎಂಎಂ ಡೋವೆಲ್ ಪಿನ್ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಹಾಕು ತಮ್ಮಾ.

ವರ್ನಿಯರ್_ಅಕ್ಕ

10 ಹಾಕಿದರೆ ಕೆಟ್ಟಿತು. ಅದರ ತ್ರಿಜ್ಯ 5, ಫಿಲೆಟ್ 6. ಪಿನ್ ಹೋಗಿ ಫಿಲೆಟ್ ಒಳಗೆ ಕೂರುತ್ತದೆ, ಎರಡೂ ಮುಖಕ್ಕೆ ತಾಗುವುದಿಲ್ಲ. 12ಕ್ಕಿಂತ ದೊಡ್ಡದು ಬೇಕು. 16 ಇಟ್ಟರೆ ನಿಶ್ಚಿಂತೆ.

ಉದ್ಯಮಬಾಗ್_ಹುಡುಗ

ಹೌದಲ್ಲ. ತಪ್ಪಾಯ್ತು ಅಕ್ಕಾರ 🙏

ಲೇತ್_ಮುಂದೆ_ನಿಂತವನು

ನಾನು ಐಟಿಐ ಟರ್ನರ್, ಈಗ ಸ್ವಂತದ್ದು ಎರಡು ಲೇತ್, ಒಂದು ವಿಎಂಸಿ (ಕಂಪ್ಯೂಟರ್ ಮಿಲ್ಲಿಂಗ್ ಮಿಷನ್). ಡ್ರಾಯಿಂಗ್ ಮಾಡುವವರಿಗೆ ನನ್ನದೊಂದು ಬೇಡಿಕೆ. ಎಂ8 ಬ್ಲೈಂಡ್ ಟ್ಯಾಪಿಂಗ್ (ಆರಪಾರ ಹೋಗದ ರಂಧ್ರದಲ್ಲಿ 8 ಎಂಎಂ ಬೋಲ್ಟಿನ ಥ್ರೆಡ್), ಥ್ರೆಡ್ ಆಳ 16, ಡ್ರಿಲ್ ಆಳವೂ 16 ಅಂತ ದಯವಿಟ್ಟು ಬರೆಯಬೇಡಿ. 6.8 ಡ್ರಿಲ್ ಹೊಡೆದು ಟ್ಯಾಪ್ ಇಳಿಸಿದರೆ ಟ್ಯಾಪ್‌ನ ಮೂತಿ ಎರಡು ಮೂರು ಹಲ್ಲು ಚೂಪಾಗಿರುತ್ತದೆ, ಅಲ್ಲಿ ಪೂರ್ತಿ ಥ್ರೆಡ್ ಬರಲ್ಲ. ಚೂರು ಬೀಳೋಕೂ ಜಾಗ ಬೇಕು. 22 ಆಳ ಡ್ರಿಲ್ ಕೊಡಿ, ನೆಮ್ಮದಿಯಾಗಿ 16 ಕೊಡುತ್ತೇನೆ. ಅದೇ ಆಳ ಬೇಕೇ ಬೇಕು ಅಂತ ಹಟ ಹಿಡಿದ ಒಬ್ಬ ಗಿರಾಕಿಯ ಜಾಬಿನಲ್ಲಿ ಒಂದೇ ದಿನ ಮೂರು ಟ್ಯಾಪ್ ಮುರಿದವು. ಮುರಿದ ಟ್ಯಾಪ್ ತೆಗೆಸೋಕೆ ಸ್ಪಾರ್ಕ್ ಎರೋಷನ್‌ಗೆ ಕಳಿಸಿದೆ. ಆ ದುಡ್ಡು ಯಾರು ಕೊಟ್ಟರು? ನಾನೇ.

ಇನ್ನೊಂದು. ಎಲ್ಲ ರಂಧ್ರಕ್ಕೂ ಎಚ್7, ಅಂದರೆ ಮೈಕ್ರಾನ್ ಲೆಕ್ಕದ ಬಿಗಿ ಅಳತೆ, ಬರೆಯೋ ರೋಗ. ಬೋಲ್ಟ್ ತೂರಿಸೋ ರಂಧ್ರಕ್ಕೆ ಯಾಕೆ ಎಚ್7? ಡ್ರಿಲ್ ಹೊಡೆದು ಬಿಡೋ ಕಡೆ ರೀಮರ್ ಹಾಕಬೇಕಾಗುತ್ತದೆ, ಗೇಜ್ ಬೇಕಾಗುತ್ತದೆ, ರೇಟ್ ಏರುತ್ತದೆ. ಆಮೇಲೆ "ಯಾಕಿಷ್ಟು ರೇಟು" ಅಂತ ನಮ್ಮನ್ನೇ ಕೇಳೋದು.

ಮಿಷಿಗನ್_ಮಂಡ್ಯ

ಎಚ್7 ಬರೆದರೂ ಪಕ್ಕದಲ್ಲಿ ಮೈಕ್ರಾನ್ ಬರೆಯುತ್ತೀರಾ? 25 ಎಚ್7 ಅಂದರೆ ಮೇಲೆ 0.021, ಕೆಳಗೆ ಸೊನ್ನೆ. ನಾನು ಎರಡನ್ನೂ ಬರೆಯುತ್ತೇನೆ. ಆಪರೇಟರ್ ಟೇಬಲ್ ಹುಡುಕಬಾರದು.

ಸೊನ್ನೆ_ಲೇಯರ್

ಸ್ಟ್ಯಾಂಡರ್ಡ್ ಪ್ರಕಾರ ಚಿಹ್ನೆ ಇದ್ದರೆ ಸಾಕು. ಎರಡೂ ಬರೆದರೆ ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆಯುತ್ತೀರಿ. ಆಮೇಲೆ ಯಾವುದು ನಿಜ?

ಲೇತ್_ಮುಂದೆ_ನಿಂತವನು

ನನ್ನ ವರ್ಕ್‌ಶಾಪಿನಲ್ಲಿ ಆ ಟೇಬಲ್ ಇರೋದು ಗೋಡೆ ಮೇಲೆ, ಕ್ಯಾಲೆಂಡರ್ ಹಿಂದೆ. ಮೈಕ್ರಾನ್ ಬರೆಯಿರಿ ಸ್ವಾಮಿ.

ಉದ್ಯಮಬಾಗ್_ಹುಡುಗ

ನಮ್ಮ ಬೆಳಗಾವಿ ಕಡೆ ಫೌಂಡ್ರಿ ಜಾಸ್ತಿ. ನಾನು ಸೇರಿದ ಹೊಸದರಲ್ಲಿ ಆದದ್ದು ಹೇಳುತ್ತೇನೆ. ಅಮೆರಿಕದ ಗಿರಾಕಿಯ ಒಂದು ಬ್ರ್ಯಾಕೆಟ್ ಡ್ರಾಯಿಂಗ್ ಬಂತು. ನಮ್ಮ ಕಂಪನಿ ಫಾರ್ಮ್ಯಾಟಿಗೆ ಹಾಕು ಅಂದರು. ನಾನು ವ್ಯೂಗಳನ್ನು ಹಾಗೇ ಎತ್ತಿ ನಮ್ಮ ಟೈಟಲ್ ಬ್ಲಾಕ್ ಒಳಗೆ ಇಟ್ಟೆ. ಅವರದು ಥರ್ಡ್ ಆಂಗಲ್, ಅಂದರೆ ಬಲಗಡೆಯಿಂದ ನೋಡಿದ ವ್ಯೂ ಬಲಗಡೆಯೇ ಇರುತ್ತದೆ. ನಮ್ಮ ಟೈಟಲ್ ಬ್ಲಾಕ್‌ನಲ್ಲಿ ಫಸ್ಟ್ ಆಂಗಲ್ ಚಿಹ್ನೆ, ಅದರಲ್ಲಿ ಉಲ್ಟಾ. ಆ ಸಣ್ಣ ಕೋನ್ ಗುರುತನ್ನು ಯಾರು ನೋಡುತ್ತಾರೆ?

ಪ್ಯಾಟರ್ನ್ ಮಾಡುವವರು ನೋಡಿದರು! ಬಲಗಡೆ ಇದ್ದ ವ್ಯೂ ಎಡಗಡೆಯಿಂದ ನೋಡಿದ್ದು ಅಂತ ಓದಿಕೊಂಡರು. ಅವರದು ಸರಿ, ಚಿಹ್ನೆ ಹಾಗೇ ಹೇಳುತ್ತಿತ್ತು. ಮೂವತ್ತೆರಡು ಬ್ರ್ಯಾಕೆಟ್ ಎರಕ ಹೊಯ್ದು, ಮಷಿನಿಂಗ್ ಆಗಿ, ಕೊನೆಗೆ ಜೋಡಿಸುವಾಗ ಗೊತ್ತಾಯಿತು, ಎಲ್ಲವೂ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಎರಕದ ಕಬ್ಬಿಣ ಅಂತ ಮತ್ತೆ ಕರಗಿಸಿದರು, ಮಷಿನಿಂಗ್ ಖರ್ಚು ಮಣ್ಣುಪಾಲು.

ನನ್ನ ಮೇಲಿನವರು ಬೈಯಲಿಲ್ಲ. ಅವತ್ತಿನಿಂದ ಒಂದು ಮಾಡಿಸಿದರು. ಯಾವ ಡ್ರಾಯಿಂಗ್ ಕೈಗೆ ಬಂದರೂ ಬೇರೆ ಏನನ್ನೂ ನೋಡುವ ಮೊದಲು ಪೆನ್ಸಿಲಿನಲ್ಲಿ ಆ ಚಿಹ್ನೆಗೆ ಸುತ್ತು ಹಾಕಬೇಕು. ಹನ್ನೊಂದು ವರ್ಷ ಆಯಿತು, ಈಗಲೂ ಕೈ ತಾನಾಗಿ ಹೋಗುತ್ತದೆ.

ಮಿಷಿಗನ್_ಮಂಡ್ಯ

ಅಮೆರಿಕದ ಡ್ರಾಯಿಂಗ್ ಅಂದಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಇಂಚಿನ ಡ್ರಾಯಿಂಗಿನಲ್ಲಿ .50 ಬೇರೆ, .500 ಬೇರೆ. ಟೈಟಲ್ ಬ್ಲಾಕ್‌ನಲ್ಲಿ ಎರಡು ದಶಾಂಶಕ್ಕೆ ಒಂದು ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಮಿತಿ), ಮೂರಕ್ಕೆ ಇನ್ನೊಂದು ಬಿಗಿ ಟಾಲರೆನ್ಸ್ ಇರುತ್ತದೆ. ನಮ್ಮೂರಿಂದ ಬಂದ ಹೊಸ ಹುಡುಗ "ಸುಮ್ನೆ ಸೊನ್ನೆ ಯಾಕೆ" ಅಂತ ಎಲ್ಲ ಕೊನೆಯ ಸೊನ್ನೆ ಅಳಿಸಿ ಡ್ರಾಯಿಂಗ್ ನೀಟ್ ಮಾಡಿದ್ದ. ಒಂದು ಹಾಳೆಯ ಅಷ್ಟೂ ಟಾಲರೆನ್ಸ್ ಸಡಿಲ! ಹುಡುಗ ಅಂದರೆ ನಾನೇ.

ಸ್ಟುಟ್‌ಗಾರ್ಟ್_ಸಂಜೆ

ಇಲ್ಲಿ ಜರ್ಮನಿಯಲ್ಲಿ ದಶಾಂಶಕ್ಕೆ ಚುಕ್ಕೆ ಅಲ್ಲ, ಕಾಮಾ. 1,250 ಅಂದರೆ ಒಂದೂಕಾಲು. ಮೊದಲ ವಾರ ನಾನು ಸಾವಿರದ ಇನ್ನೂರೈವತ್ತು ಅಂತ ಓದಿ, "ಇಷ್ಟು ಉದ್ದದ ವಾಷರ್ ಯಾಕೆ" ಅಂತ ಕೇಳಿದ್ದೆ. ಇಡೀ ಆಫೀಸ್ ನಕ್ಕಿತು.

ಹೊಸಬರಿಗೆ ಇನ್ನೊಂದು. ಟೈಟಲ್ ಬ್ಲಾಕ್‌ನಲ್ಲಿ "ಐಎಸ್‌ಒ 2768 ಎಂಕೆ" ಅಂತ, ಬೇರೆ ಟಾಲರೆನ್ಸ್ ಬರೆಯದ ಅಳತೆಗಳಿಗೆ, ಹಳೇ ಟೆಂಪ್ಲೇಟಿನಿಂದ ಕಾಪಿ ಹೊಡೆಯುತ್ತೀರಿ ಅಲ್ವಾ? ಆ ಕೆ ಬರುವುದು ಆ ಸ್ಟ್ಯಾಂಡರ್ಡಿನ ಎರಡನೇ ಭಾಗದಿಂದ. ಅದನ್ನು ಹಿಂದಕ್ಕೆ ತೆಗೆದುಕೊಂಡು 2021ರಲ್ಲಿ ಐಎಸ್‌ಒ 22081 ತಂದರು. ಉದ್ದಗಲದ ಟಾಲರೆನ್ಸ್ ಇರುವ ಮೊದಲ ಭಾಗ ಹಾಗೇ ಇದೆ. ಟೆಂಪ್ಲೇಟಿನಲ್ಲಿ ಬರೆದಿರೋ ಒಂದೊಂದು ಸಾಲೂ ಏನು ಹೇಳುತ್ತದೆ ಅಂತ ಸೀನಿಯರ್ ಹತ್ತಿರ ಕೂತು ಕೇಳಿ. ಕೆಲವು ಅವರಿಗೂ ಗೊತ್ತಿರಲ್ಲ, ಇಬ್ಬರೂ ಕಲಿಯುತ್ತೀರಿ.

ಧಾರವಾಡ_ಸಿವಿಲ್

ನೀವು ಪುಣ್ಯವಂತರು, ನಿಮ್ಮ ಡ್ರಾಯಿಂಗನ್ನ ಯಾರಾದರೂ ಓದುತ್ತಾರೆ. ನಮ್ಮ ಸೈಟಿನಲ್ಲಿ ಮೇಸ್ತ್ರಿ ಅದರ ಮೇಲೆ ಮಿರ್ಚಿ ಇಟ್ಟುಕೊಂಡು ತಿನ್ನುತ್ತಾನೆ. "ಕವರ್ ಐಎಸ್ 456 ಪ್ರಕಾರ" ಅಂತ, ಅಂದರೆ ಕಂಬಿಯ ಮೇಲಿನ ಕಾಂಕ್ರೀಟ್ ದಪ್ಪ ಕೋಡ್ ಪ್ರಕಾರ ಅಂತ, ನೋಟ್ ಬರೆದರೆ ಅವನಿಗೇನು ಗೊತ್ತು? ಕಾಲಂಗೆ 40 ಎಂಎಂ, ಸ್ಲ್ಯಾಬಿಗೆ 20 ಎಂಎಂ ಅಂತ ಅಂಕಿ ಬರೆಯಬೇಕು, ಅದೂ ಆ ಸೆಕ್ಷನ್ ಪಕ್ಕದಲ್ಲೇ. ಇದನ್ನ ನನಗೆ ಕಲಿಸಿದ್ದು ಇಂಜಿನಿಯರ್ ಅಲ್ಲ, ಬಾರ್ ಬೆಂಡಿಂಗ್ ಮಾಡುವ ಕಾಕಾ.

ಮಿಷಿಗನ್_ಮಂಡ್ಯ

ಯಾವ ಮಿರ್ಚಿ? ಲೈನ್ ಬಜಾರಿನದಾ?

ಧಾರವಾಡ_ಸಿವಿಲ್

ಚರ್ಚೆ ಹಾಳು ಮಾಡಬೇಡಿ 😄 ಹೌದು.

ವಿಎಂಸಿ_ವೆಂಕಿ

ನೋಟ್ ಕನ್ನಡದಲ್ಲೇ ಬರೆದರೆ ಹೇಗೆ ಅಂತ ನಾವು ಒಂದು ಸಲ ನೋಡಿದೆವು. "ಚೂಪು ಅಂಚು ತೆಗೆಯಿರಿ" ಅಂತ. ನಮ್ಮ ಆಪರೇಟರ್‌ಗಳಲ್ಲಿ ಅರ್ಧ ಜನ ಒಡಿಶಾ, ಬಿಹಾರದವರು. ಕನ್ನಡ ಮಾತಾಡುತ್ತಾರೆ, ಓದೋಕೆ ಬರಲ್ಲ. ಮಾತಾಡೋವಾಗ ಎಲ್ಲರಿಗೂ ಅದು "ಬರ್ ತೆಗಿ". ಕೊನೆಗೆ ಅಂಚಿಗೇ ಬಾಣ ಹಾಕಿ 0.5 ಗುಣಿಸು 45 ಡಿಗ್ರಿ ಅಂತ ಬರೆದೆವು. ಯಾವ ಭಾಷೆಯೂ ಬೇಡವಾಯಿತು.

ಸೊನ್ನೆ_ಲೇಯರ್

ನಾನು ಬರೀ ವಾದ ಮಾಡುತ್ತೇನೆ ಅಂದುಕೊಳ್ಳಬೇಡಿ, ನನ್ನ ಕಡೆಯಿಂದಲೂ ಒಂದು. ಅಳತೆಯ ಮೇಲೆ ಡಬಲ್ ಕ್ಲಿಕ್ ಮಾಡಿ ಅಂಕಿಯನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಗೆರೆ 47 ಇದೆ, ಗಿರಾಕಿ 50 ಅಂದ, ಮನೆಗೆ ಹೋಗೋ ಹೊತ್ತು, ಅಂಕಿ ಮಾತ್ರ 50 ಮಾಡಿದೆ. ಪ್ರಿಂಟ್ ನೋಡಿ ಕಡಿಯುವವನಿಗೆ ತೊಂದರೆ ಇಲ್ಲ. ಲೇಸರ್ ಕಟಿಂಗ್‌ನವನು ಡ್ರಾಯಿಂಗಿನ ಡಿಎಕ್ಸ್‌ಎಫ್ ಫೈಲನ್ನೇ ತೆಗೆದುಕೊಂಡ. ಅವನ ಮಿಷನ್‌ಗೆ ಅಂಕಿ ಕಾಣಲ್ಲ, ಗೆರೆ ಕಾಣುತ್ತದೆ. 47 ಕಡಿದು ಕೊಟ್ಟ. ನನಗೆ ಆಗ ಒಬ್ಬ ಸೀನಿಯರ್ ಡಿಮ್‌ರೀಅಸೋಕ್ ಕಮಾಂಡ್ ತೋರಿಸಿದರು. ಕೈಯಲ್ಲಿ ತಿದ್ದಿದ ಅಳತೆಗಳನ್ನೆಲ್ಲ ನಿಜವಾದ ಅಂಕಿಗೆ ತರುತ್ತದೆ. ಈಗ ಡ್ರಾಯಿಂಗ್ ಕಳಿಸೋ ಮೊದಲು ಅದನ್ನು ಒಮ್ಮೆ ಓಡಿಸುತ್ತೇನೆ.

ಹಳೇ_ಟ್ರೇಸಿಂಗ್

"ಒಬ್ಬ ಸೀನಿಯರ್ ತೋರಿಸಿದರು." ನೋಡಿದ್ರಾ, ನೋಡಿದ್ರಾ.

ಸೊನ್ನೆ_ಲೇಯರ್

ಒಬ್ಬರು ಒಳ್ಳೆಯವರಿದ್ದರು ಅಂದರೆ ಎಲ್ಲರೂ ಒಳ್ಳೆಯವರು ಅಂತ ಅಲ್ಲ!

ವಿಎಂಸಿ_ವೆಂಕಿ

ಪೆನ್ಸಿಲ್, ನಿನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಕೆಳಗೆ ಹೋದಾಗ ಮಿಷನ್ ನೋಡಬೇಡ. ಮಿಷನ್ ಪಕ್ಕ ಪ್ಲಾಸ್ಟಿಕ್ ಕವರಿನಲ್ಲಿ ನೇತು ಹಾಕಿರೋ ನಿನ್ನದೇ ಪ್ರಿಂಟ್ ನೋಡು. ಅದರ ಮೇಲೆ ಆಪರೇಟರ್ ಪೆನ್ಸಿಲಿನಲ್ಲಿ ಕೂಡೋ ಕಳೆಯೋ ಲೆಕ್ಕ ಬರೆದಿದ್ದರೆ, ಅದು ನೀನು ಕೊಡಬೇಕಾಗಿದ್ದ ಅಳತೆ. ನೀನು ಕೊಟ್ಟಿಲ್ಲ, ಅವನು ಲೆಕ್ಕ ಹಾಕಿಕೊಂಡಿದ್ದಾನೆ. ನನ್ನ ಹಿರಿಯರು ತಿಂಗಳಿಗೊಮ್ಮೆ ಕೆಳಗಿನಿಂದ ಎಣ್ಣೆ ಹತ್ತಿದ ಹಳೇ ಪ್ರಿಂಟ್ ತರಿಸಿ ನಮ್ಮ ಟೇಬಲ್ ಮೇಲೆ ಹರಡುತ್ತಿದ್ದರು. ಇನ್ನೇನೂ ಹೇಳುತ್ತಿರಲಿಲ್ಲ.

ಡ್ರಾಯಿಂಗ್ ಸೀನಿಯರ್ ಹತ್ತಿರ ಹೋಗೋ ಮೊದಲು ಚೆಕ್ ಪ್ರಿಂಟ್ ಅಭ್ಯಾಸ ಮಾಡಿಕೋ. ಹಳದಿ ಹೈಲೈಟರ್ ಹಿಡಿದು, ಸರಿ ಇದೆ ಅಂತ ಖಾತ್ರಿಯಾದ ಒಂದೊಂದು ಅಂಕಿಯ ಮೇಲೂ ಎಳೆ. ಕೊನೆಗೆ ಬಿಳಿಯಾಗಿ ಉಳಿದದ್ದು ನೀನು ನೋಡದೇ ಬಿಟ್ಟದ್ದು. ಊಟ ಆದ ತಕ್ಷಣ ಮಾಡಬೇಡ, ನಿದ್ದೆ ಬರುತ್ತದೆ. ಬೆಳಗ್ಗೆ ಮಾಡು.

ಪೀಣ್ಯ_ಪೆನ್ಸಿಲ್

ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಡಿಸ್ಪ್ಯಾಚ್ ಇತ್ತು.

ವೆಂಕಿ ಸಾರ್ ಹೇಳಿದ ಹಾಗೆ ಕೆಳಗೆ ಹೋದೆ. ಮಿಲ್ಲಿಂಗ್ ಹತ್ತಿರ ನನ್ನ ಬೇಸ್ ಪ್ಲೇಟ್ ಪ್ರಿಂಟ್ ಇತ್ತು. 180 ಉದ್ದದ ಪ್ಲೇಟ್, ನಾಲ್ಕು ರಂಧ್ರ. ನಾನು ಎಲ್ಲ ಅಳತೆಯನ್ನೂ ಬಲ ಅಂಚಿನಿಂದ ಕೊಟ್ಟಿದ್ದೆ, ಅಲ್ಲಿ ಹಾಳೆಯಲ್ಲಿ ಜಾಗ ಇತ್ತು ಅಂತ. ಆಪರೇಟರ್ ಮೂಲೆಯಲ್ಲಿ ಪುಟ್ಟದಾಗಿ ಬರೆದಿದ್ದ: 180 ಕಳೆ 62.5, 117.5. ಅದರ ಕೆಳಗೆ 180 ಕಳೆ 22.5, 157.5. ಹೀಗೆ ನಾಲ್ಕೂ. ಯಾಕೆ ಅಂತ ಕೇಳಿದೆ. ಜಾಬ್ ಹಿಡಿಯೋ ವೈಸ್ ತೋರಿಸಿದ. ಜಾಬ್ ಸ್ಟಾಪರ್‌ಗೆ ತಾಗಿ ಕೂರೋದು ಎಡಗಡೆ, ಅವನ ಸೊನ್ನೆ ಅಲ್ಲಿ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂದರೆ "ನೀವು ಕೇಳಲಿಲ್ಲ" ಅಂದ.

ವರ್ನಿಯರ್_ಅಕ್ಕ

ಲೆಕ್ಕದ ತ್ರಾಸ ಒಂದೇ ಅಲ್ಲ. 180ಕ್ಕೆ ನೀನು ಬೇರೆ ಟಾಲರೆನ್ಸ್ ಕೊಟ್ಟಿಲ್ಲದಿದ್ದರೆ ಜನರಲ್ ಟಾಲರೆನ್ಸ್‌ನ ಮೀಡಿಯಂ ದರ್ಜೆಯಲ್ಲಿ (ಆ 2768ರ ಎಂ) ಅದು ಪ್ಲಸ್ ಮೈನಸ್ 0.5. 62.5ಕ್ಕೆ 0.3. ಅವನು ಎಡದಿಂದ 117.5 ಅಂತ ಕರಾರುವಾಕ್ಕಾಗಿ ಹೊಡೆದರೂ, ಪ್ಲೇಟ್ 180.4 ಇದ್ದರೆ ನಾನು ಬಲದಿಂದ ಅಳೆದಾಗ 62.9 ಬರುತ್ತದೆ. ಪ್ಲೇಟ್ ಪಾಸ್, ರಂಧ್ರ ರಿಜೆಕ್ಟ್. ಜಗಳ ನನಗೂ ಅವನಿಗೂ. ತಪ್ಪು ಮಾಡಿದವನು ಮೇಲೆ ಕಾಫಿ ಕುಡಿಯುತ್ತಿರುತ್ತಾನೆ.

ಪೀಣ್ಯ_ಪೆನ್ಸಿಲ್

ಅಯ್ಯೋ. ಕಳೆದ ತಿಂಗಳ ರಿಜೆಕ್ಷನ್ ಅದೇ ಇರಬೇಕು.

ಈಗ ಅಸಲಿ ಸಮಸ್ಯೆ. ಪಕ್ಕದ ಮಿಷನ್ ಮೇಲೆ ನಮ್ಮ ಸೀನಿಯರ್ ಮಾಡಿದ ಒಂದು ಹಳೇ ಡ್ರಾಯಿಂಗ್ ನೇತಾಡುತ್ತಿತ್ತು. ಅದರ ಮೇಲೂ ಪೆನ್ಸಿಲ್ ಲೆಕ್ಕ ಇದೆ. ಒಂದೇ ಒಂದು. ತೋರಿಸೋದಾ, ಬೇಡ್ವಾ?

ಸೊನ್ನೆ_ಲೇಯರ್

ತೋರಿಸು!! ಕೆಂಪು ಪೆನ್ನಲ್ಲಿ ಸುತ್ತು ಹಾಕಿ ತೋರಿಸು!!

ಹಳೇ_ಟ್ರೇಸಿಂಗ್

ತೋರಿಸು, ಆದರೆ ಒಬ್ಬರೇ ಇದ್ದಾಗ. ಸೊನ್ನೆ ಮಾತು ಕೇಳಬೇಡ.

ಧಾರವಾಡ_ಸಿವಿಲ್

ಅಪ್ರೈಸಲ್ ಆದ ಮೇಲೆ ತೋರಿಸು.

ಪೀಣ್ಯ_ಪೆನ್ಸಿಲ್

ತೋರಿಸಿದೆ. ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ರಿವಿಷನ್ ಬಿ ಹಾಕು" ಅಂದರು, ಅಷ್ಟೇ. ಸಂಜೆ ಟೀ ದುಡ್ಡು ಅವರೇ ಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ.

ಸ್ಟುಟ್‌ಗಾರ್ಟ್_ಸಂಜೆ

ಸೂಪರ್ 👏

ವಿಎಂಸಿ_ವೆಂಕಿ

ರಿವಿಷನ್ ಕಾಲಂನಲ್ಲಿ ಏನು ಬದಲಾಯಿತು ಅಂತ ಬರೆದಿದ್ದೀಯಾ ತಾನೇ? ಬರೀ "ಅಪ್‌ಡೇಟೆಡ್" ಅಂತ ಹಾಕಿದ್ದರೆ ನಾನೇ ಪೀಣ್ಯಕ್ಕೆ ಬರುತ್ತೇನೆ.

ಪೀಣ್ಯ_ಪೆನ್ಸಿಲ್

ಎರಡು ನಿಮಿಷ ಇರಿ ಸಾರ್.